ಮಾಜಿ ಗಂಡನ ಪೆನ್ಷನ್‌ನಲ್ಲಿ ನನಗೆ ಪಾಲು ಬರುತ್ತಾ?

ಪ್ರಶ್ನೆ: ಮೇಡಂ, ನಮ್ಮದು ಹಿಂದೂ ಮದುವೆ. 22 ವರ್ಷ ಸಂಸಾರ ಮಾಡಿ ಹೋದ ವರ್ಷ ಡೈವೋರ್ಸ್ ಆಯಿತು. ಆಗ ನಾನು ಜೀವನಾಂಶ ಕೇಳಿರಲಿಲ್ಲ. ಅವರು ಕೇಂದ್ರ ಸರ್ಕಾರಿ ನೌಕರರು, ಹಳೇ ಪೆನ್ಷನ್ ಇದೆ, ಸದ್ಯದಲ್ಲೇ ರಿಟೈರ್ ಆಗುತ್ತಾರೆ. ಅರ್ಧ ಪೆನ್ಷನ್ ನನ್ನ ಹೆಸರಿಗೆ ಬರುತ್ತೆ ಅಂತ ನೆಂಟರೊಬ್ಬರು ಹೇಳಿದರು. ನಿಜಾನಾ? ಮಗಳು ಇನ್ನೂ ಓದುತ್ತಿದ್ದಾಳೆ.

ವಕೀಲರ ಉತ್ತರ: ಇಲ್ಲಮ್ಮ, ಅರ್ಧ ಪಾಲು ಅನ್ನೋ ಲೆಕ್ಕ ನಮ್ಮ ಕಾನೂನಿನಲ್ಲಿ ಇಲ್ಲ. ಪೆನ್ಷನ್ ಅವರದ್ದೇ. ಹಾಗಂತ ಸುಮ್ನೆ ಕೂರಬೇಡಿ. ಹಿಂದೂ ವಿವಾಹ ಕಾಯ್ದೆ 1955ರ 25ನೇ ಸೆಕ್ಷನ್ ಪ್ರಕಾರ ಶಾಶ್ವತ ಜೀವನಾಂಶಕ್ಕೆ ಡೈವೋರ್ಸ್ ಆದ ಮೇಲೂ ಅರ್ಜಿ ಹಾಕಬಹುದು. ಅಲ್ಲಿ ಅವರ ಪೆನ್ಷನ್ನೂ ಆದಾಯವೇ. ಆದರೆ ಮೊದಲು ನಿಮ್ಮ ಡಿಕ್ರಿ, ಅಂದರೆ ಕೋರ್ಟಿನ ಡೈವೋರ್ಸ್ ಆದೇಶ, ತೆಗೆದು ಓದಿ. "ಮುಂದೆ ಏನೂ ಕೇಳುವುದಿಲ್ಲ" ಅಂತ ಒಪ್ಪಿ ಸಹಿ ಹಾಕಿದ್ದರೆ ದಾರಿ ಕಷ್ಟವಾಗುತ್ತದೆ.

ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಂಥ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಕೊಡಲೇಬೇಕು. ಅದರಲ್ಲಿ ತಿಂಗಳ ಪೆನ್ಷನ್ ಒಂದನ್ನೇ ನೋಡಬೇಡಿ. ಗ್ರಾಚುಟಿ, ಜಿಪಿಎಫ್ (ಭವಿಷ್ಯ ನಿಧಿ), ಕಮ್ಯುಟೇಶನ್ (ಪೆನ್ಷನ್ನಿನ ಒಂದು ಭಾಗ ಬಿಟ್ಟುಕೊಟ್ಟು ಮುಂಗಡವಾಗಿ ಪಡೆಯುವುದು) ಹಣ ಒಟ್ಟಿಗೆ ಕೈಗೆ ಬರುತ್ತದೆ. ಪೆನ್ಷನ್‌ನ 40% ವರೆಗೂ ಕಮ್ಯೂಟ್ ಮಾಡಿಸಿಕೊಳ್ಳಬಹುದು, ಆಮೇಲೆ ತಿಂಗಳ ಮೊತ್ತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ರಿಟೈರ್ ಆಗುವ ಮೊದಲೇ ಅರ್ಜಿ ಹಾಕಿ ಅನ್ನುತ್ತೇನೆ.

ಪ್ರಶ್ನೆ: ಅವರು ತೀರಿಕೊಂಡರೆ ಫ್ಯಾಮಿಲಿ ಪೆನ್ಷನ್ ನನಗೆ ಬರುತ್ತಾ ಮೇಡಂ? ಅವರು ಇನ್ನೊಂದು ಮದುವೆಯಾಗುತ್ತಾರಂತೆ.

ವಕೀಲರ ಉತ್ತರ: ನಿಮಗೆ ಬರುವುದಿಲ್ಲ. ಡೈವೋರ್ಸ್ ಆದ ಹೆಂಡತಿಗೆ ಅದರಲ್ಲಿ ಹಕ್ಕಿಲ್ಲ. ಮಗಳ ವಿಷಯ ಬೇರೆ. ಅವರಿಗೆ ಎರಡನೇ ಹೆಂಡತಿ ಇದ್ದರೂ, ಡೈವೋರ್ಸ್ ಆಗದಿದ್ದರೆ ನಿಮಗೆ ಎಷ್ಟು ಪಾಲು ಬರುತ್ತಿತ್ತೋ ಅದು ಮಗಳಿಗೆ ಸೇರಬೇಕು ಅಂತ ಕೇಂದ್ರದ ಪೆನ್ಷನ್ ನಿಯಮದಲ್ಲೇ ಇದೆ. ಮದುವೆ ಅಥವಾ ಸಂಪಾದನೆ ಶುರುವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಆಫೀಸಿನ ಕುಟುಂಬ ವಿವರದಲ್ಲಿ ಮಗಳ ಹೆಸರು ಇದೆಯಾ ಅಂತ ಈಗಲೇ ವಿಚಾರಿಸಿ. ಡೈವೋರ್ಸ್ ಆದ ಮೇಲೆ ಕೆಲವರು ಮಕ್ಕಳ ಹೆಸರನ್ನೇ ಬರೆಸುವುದಿಲ್ಲ. ಇದು ನನಗೆ ತುಂಬಾ ಬೇಜಾರಾಗುವ ವಿಷಯ, ಮಗು ಏನು ತಪ್ಪು ಮಾಡಿತ್ತು ಹೇಳಿ.

ಇನ್ನೊಂದು ಮಾತು. ಅವರ ಪೆನ್ಷನ್ ಅವರ ಜೊತೆಗೇ ನಿಂತುಹೋಗುತ್ತದೆ. ಆದ್ದರಿಂದ ಒಂದೇ ಗಂಟಿನಲ್ಲಿ ಹಣ ಕೇಳಿ, ಇಲ್ಲವೇ ಜೀವನಾಂಶಕ್ಕೆ ಅವರ ಮನೆ, ಸೈಟಿನ ಮೇಲೆ ಚಾರ್ಜ್ (ಆ ಆಸ್ತಿಯನ್ನೇ ಭದ್ರತೆಯಾಗಿ ಇಡುವುದು) ಹಾಕಿಸಿ. 25ನೇ ಸೆಕ್ಷನ್‌ನಲ್ಲೇ ಅದಕ್ಕೆ ಅವಕಾಶವಿದೆ. ನೀವು ಮರುಮದುವೆಯಾದರೆ ಅವರು ಆದೇಶ ಬದಲಿಸಿ ಅಂತ ಕೋರ್ಟಿಗೆ ಹೋಗಬಹುದು, ಅದೂ ಗೊತ್ತಿರಲಿ.

ಇನ್ನೊಬ್ಬ ಸದಸ್ಯೆ: ಕೇಂದ್ರ ಸರ್ಕಾರಿ ನೌಕರಿ ನನ್ನದು ಮೇಡಂ. ಡೈವೋರ್ಸ್ ಕೇಸ್ ಇನ್ನೂ ನಡೀತಿದೆ. ಅಷ್ಟರಲ್ಲಿ ನನಗೇನಾದರೂ ಆದರೆ ಫ್ಯಾಮಿಲಿ ಪೆನ್ಷನ್ ಗಂಡನಿಗೇ ಹೋಗುತ್ತಲ್ವಾ?

ವಕೀಲರ ಉತ್ತರ: 2024ರ ಜನವರಿಯಿಂದ ಹಾಗಾಗದಂತೆ ನೋಡಿಕೊಳ್ಳಬಹುದು. ಗಂಡನಿಗಿಂತ ಮೊದಲು ಮಕ್ಕಳಿಗೆ ಫ್ಯಾಮಿಲಿ ಪೆನ್ಷನ್ ಕೊಡಿ ಅಂತ ನಿಮ್ಮ ಕಚೇರಿ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡಿ. ಕೇಸ್ ನಂಬರ್ ಹಾಕಿ, ಅರ್ಜಿಯ ಪ್ರತಿ ಲಗತ್ತಿಸಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ.