ಊಟ ಹನ್ನೊಂದನೆಯದು

ರಾಯರ ಕಂಕುಳಲ್ಲಿ ಸ್ಟೀಲ್ ಡಬ್ಬಿಯಿತ್ತು. ಮುಚ್ಚಳ ತೆಗೆಯುವ ಮೊದಲೇ ಏಲಕ್ಕಿಯ ಪರಿಮಳವು ನಮ್ಮ ಸೋಫಾದಲ್ಲಿ ತೂಕಡಿಸುತ್ತಿದ್ದ ಗೌಡರನ್ನು ಎಬ್ಬಿಸಿ ಕೂರಿಸಿತು. ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷವಾದರೂ ಗೌಡರ ಮೂಗು ಇನ್ನೂ ಮಂಡ್ಯದ್ದೇ.

“ನಾಳೆ ಸಂಜೆ ಯಹೂದಿ ಸಹೋದ್ಯೋಗಿಯ ಮನೆಯಲ್ಲಿ ಪಸ್ಕ ಹಬ್ಬದ ಸೇದರ್ ಊಟ. ಬರಿಗೈಯಲ್ಲಿ ಹೋಗುವುದು ಹೇಗೆಂದು ಹನ್ನೆರಡು ಹೋಳಿಗೆ ಮಾಡಿಸಿದ್ದೇನೆ” ಎಂದರು ರಾಯರು.

ಶಾಸ್ತ್ರಿಗಳು ಕಾಫಿ ಲೋಟ ಕೆಳಗಿಟ್ಟರು. ನೆರೆಮನೆಯವರ ಸೇದರ್‌ನಲ್ಲಿ ಮೂರು ಸಲ ಕುಳಿತು ಎದ್ದವರು ಅವರು. “ಕಣಕ ಯಾವುದರದ್ದು?”

“ಮೈದಾ.”

“ಕೆಟ್ಟಿತು. ಏಕಾದಶಿಯ ದಿನ ಮಠಕ್ಕೆ ಈರುಳ್ಳಿ ಬಜ್ಜಿ ಹೊತ್ತುಕೊಂಡು ಹೋದಂತೆ ಆಗುತ್ತಿತ್ತು. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ಅವರ ಪೂರ್ವಜರಿಗೆ ಹಿಟ್ಟು ಹುದುಗುವಷ್ಟೂ ಪುರುಸೊತ್ತು ಇರಲಿಲ್ಲ. ಅದರ ನೆನಪಿಗೆ ಇಸ್ರೇಲಿನಲ್ಲಿ ಏಳು ದಿನ, ಇಲ್ಲಿ ಎಂಟು ದಿನ ಹುಳಿಹಿಟ್ಟು ಮನೆಯಲ್ಲಿಯೇ ಇರಬಾರದು. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಇವುಗಳ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೆಂದದ್ದು ಮಾತ್ರ ಮಾತ್ಸಾ, ಅಂದರೆ ಹುದುಗದ ರೊಟ್ಟಿ. ಮೀರಿದರೆ ಹಮೇತ್ಸ್, ಅಂದರೆ ನಿಷಿದ್ಧ.”

“ನಮ್ಮವಳು ಕಣಕವನ್ನು ಎರಡು ಗಂಟೆ ನೆನೆಸಿದ್ದಾಳೆ” ಎಂದು ರಾಯರು ತಪ್ಪೊಪ್ಪಿಕೊಂಡರು. ಸ್ವಲ್ಪ ಯೋಚಿಸಿ, “ಹೂರಣ ಮಾತ್ರ ಒಯ್ದರೆ?” ಎಂದರು.

“ಕಡಲೆಬೇಳೆ! ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳು ಅಕ್ಕಿಯನ್ನೂ ಬೇಳೆಯನ್ನೂ ಈ ವಾರ ಮುಟ್ಟುವುದಿಲ್ಲ. ಸ್ಪೇನ್ ಮೂಲದ ಸೆಫಾರ್ದಿಗಳು ತಿನ್ನುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಪಂಥದ ಪಂಡಿತರು 2015ರಲ್ಲಿ ಅಶ್ಕೆನಾಜಿಗಳಿಗೂ ಒಪ್ಪಿಗೆ ಕೊಟ್ಟರು. ಪಂಡಿತರು ಒಪ್ಪಿದರೇನು, ಅಜ್ಜಿಯರು ಒಪ್ಪಬೇಕಲ್ಲ! ಅದೂ ಅಲ್ಲದೆ ನಮ್ಮ ನಿಮ್ಮ ಅಡುಗೆಮನೆ ಅವರ ಲೆಕ್ಕದಲ್ಲಿ ಮಡಿಯಲ್ಲ. ಬೆಳಿಗ್ಗೆಯೇ ಹೂವು ಕಳುಹಿಸಿಬಿಡಿ. ಹೂವಿಗೆ ಯಾವ ಪಂಥವೂ ಇಲ್ಲ.”

ಗೌಡರು ಆಗಲೇ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು. ಮೊದಲ ಹೋಳಿಗೆ ಹೋಯಿತು.

“ಈ ಹೊತ್ತಿಗೆ ಅವರ ಮನೆಯಲ್ಲಿ ಏನು ನಡೆಯುತ್ತಿರುತ್ತದೆ ಗೊತ್ತೇ?” ಶಾಸ್ತ್ರಿಗಳಿಗೆ ಉತ್ಸಾಹ ಏರಿತು. “ದೀಪ ಆರಿಸಿ, ಮೇಣದಬತ್ತಿ, ಹಕ್ಕಿಯ ಗರಿ, ಮರದ ಸೌಟು ಹಿಡಿದು ಮೂಲೆಮೂಲೆಯಲ್ಲಿ ರೊಟ್ಟಿಯ ಚೂರು ಹುಡುಕುತ್ತಾರೆ. ವಾರದಿಂದ ತೊಳೆದ ಮನೆಯಲ್ಲಿ ಏನು ಸಿಗಬೇಕು? ಹುಡುಕಾಟ ವ್ಯರ್ಥವಾಗಬಾರದೆಂದು ಹತ್ತು ತುಂಡುಗಳನ್ನು ತಾವೇ ಅಡಗಿಸಿರುತ್ತಾರೆ. ಸಿಕ್ಕಿದ್ದನ್ನು ಬೆಳಿಗ್ಗೆ ಸುಡುತ್ತಾರೆ. ಎಸೆಯಲು ಮನಸ್ಸಾಗದ ದುಬಾರಿ ವಿಸ್ಕಿಯಂಥದ್ದನ್ನು ಯಹೂದಿಯಲ್ಲದವರಿಗೆ ಪತ್ರ ಬರೆದು ಮಾರಿ, ಹಬ್ಬ ಮುಗಿದ ಮೇಲೆ ಮರಳಿ ಕೊಳ್ಳುತ್ತಾರೆ.”

“ನಾನು ಯಹೂದಿಯಲ್ಲ” ಎಂದು ಗೌಡರು ಎರಡನೆಯ ಹೋಳಿಗೆಯ ನಡುವೆ ಸ್ಪಷ್ಟಪಡಿಸಿದರು. “ವಿಸ್ಕಿಯ ವಿಷಯ ಬಂದರೆ ನನ್ನ ವಿಳಾಸ ಕೊಡಿ. ಮರಳಿ ಕೊಡುವ ಬಗ್ಗೆ ಆಮೇಲೆ ಮಾತಾಡೋಣ.”

ರಾಯರ ಚಿಂತೆ ಬೇರೆಯೇ ಇತ್ತು. “ಊಟ ಎಷ್ಟು ಗಂಟೆಗೆ?”

“ಸೇದರ್ ಎಂದರೆ ಕ್ರಮ. ಒಟ್ಟು ಹದಿನೈದು. ಊಟ ಹನ್ನೊಂದನೆಯದು.”

ರಾಯರು ತಾವೂ ಒಂದು ಹೋಳಿಗೆ ತೆಗೆದುಕೊಂಡರು.

“ಅದಕ್ಕೆ ಮೊದಲು ಸೊಪ್ಪಿನ ಕಡ್ಡಿಯೊಂದನ್ನು ಉಪ್ಪುನೀರಿನಲ್ಲಿ ಅದ್ದಿ ಕೊಡುತ್ತಾರೆ. ಉಪ್ಪುನೀರು ಗುಲಾಮರ ಕಣ್ಣೀರು. ಅದನ್ನು ನಂಬಿ ಹೋಗಬೇಡಿ. ಬಳಿಕ ಹಗ್ಗಾದಾ ಎಂಬ ಪುಸ್ತಕ ಹಿಡಿದು ಬಿಡುಗಡೆಯ ಕಥೆ. ‘ಹಸಿದವರೆಲ್ಲ ಬಂದು ಉಣ್ಣಿರಿ’ ಎಂದು ಅರಾಮಿಕ್ ಭಾಷೆಯಲ್ಲಿ ಆರಂಭದಲ್ಲಿಯೇ ಕರೆಯುತ್ತಾರೆ. ಆಗ ಎದ್ದು ತಟ್ಟೆ ಹುಡುಕಬೇಡಿ. ಆ ಕರೆಗೂ ಊಟಕ್ಕೂ ನಡುವೆ ಒಂದು ಸಲ ನಾನು ಎರಡು ಗಂಟೆ ಕಾದಿದ್ದೆ. ಕೆಲವು ಮನೆಗಳಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ನಿಮ್ಮ ಅದೃಷ್ಟ.”

“ಸತ್ಯನಾರಾಯಣ ಪೂಜೆಯಲ್ಲಿ ಐದೇ ಅಧ್ಯಾಯ” ಎಂದು ನಾನು ಗೊಣಗಿದೆ.

“ಅಲ್ಲಿ ನೀವು ಪ್ರಶ್ನೆ ಕೇಳಿದರೆ ಪುರೋಹಿತರು ಗುರಾಯಿಸುತ್ತಾರೆ. ಇಲ್ಲಿ ಕೇಳದಿದ್ದರೇ ಬೇಸರ. ‘ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆ?’ ಎಂದು ಮನೆಯ ಅತಿ ಕಿರಿಯ ಕೇಳಲೇಬೇಕು. ಅತಿಥಿಯೂ ಕೇಳಬಹುದು. ಎಡಕ್ಕೆ ಏಕೆ ಒರಗಿದ್ದೀರಿ? ಒರಗಿ ಉಣ್ಣುವುದು ಸ್ವತಂತ್ರರ ಲಕ್ಷಣವೆಂದು. ಬೆರಳಿನಿಂದ ವೈನಿನ ಹನಿಗಳನ್ನು ಏಕೆ ತೆಗೆಯುತ್ತೀರಿ? ಬಿಡುಗಡೆಗಾಗಿ ದೇವರು ಕಳುಹಿಸಿದ ಹತ್ತು ಪಿಡುಗುಗಳಲ್ಲಿ ಈಜಿಪ್ಟಿನವರೂ ಸತ್ತರಲ್ಲ, ನಮ್ಮ ಲೋಟ ತುಂಬಿರಬಾರದೆಂದು.”

ಆ ಮಾತಿಗೆ ಗೌಡರ ಬಾಯಿ ಕೂಡ ಒಂದು ಕ್ಷಣ ನಿಂತಿತು.

“ವೈನು ನನಗೆ ಆಗದು” ಎಂದರು ರಾಯರು.

“ನಾಲ್ಕು ಲೋಟವೂ ದ್ರಾಕ್ಷಿರಸವಾಗಬಹುದು. ಶಾಕಾಹಾರಿಯೆಂದು ಇಂದೇ ಹೇಳಿಬಿಡಿ, ಇಲ್ಲದಿದ್ದರೆ ಕೋಳಿ ಸಾರಿನಲ್ಲಿ ಮಾತ್ಸಾ ಉಂಡೆ ತೇಲಿ ಬರುತ್ತದೆ. ಮೇಜಿನ ನಡುವಿನ ತಟ್ಟೆಯಲ್ಲಿರುವ ಸುಟ್ಟ ಮೂಳೆಗೆ ಬೆದರಬೇಡಿ, ಅದು ಬಲಿಯ ಗುರುತು, ಯಾರೂ ತಿನ್ನುವುದಿಲ್ಲ. ಶಾಕಾಹಾರಿಗಳು ಅದರ ಬದಲು ಬೀಟ್‌ರೂಟ್ ಇಡುವುದೂ ಉಂಟು. ಮಾರೋರ್ ಎಂದು ಹಾರ್ಸ್‌ರ‍್ಯಾಡಿಶ್ ಗೆಡ್ಡೆಯನ್ನು ತುರಿದು ಕೊಡುತ್ತಾರೆ.”

“ಖಾರವೇ? ನಾವು ಬ್ಯಾಡಗಿ ಮೆಣಸಿನಕಾಯಿಯವರು!”

“ನಾನೂ ಹಾಗೆಯೇ ಜಂಬ ಪಟ್ಟು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮೆಣಸಿನಕಾಯಿ ನಾಲಿಗೆಯನ್ನು ಸುಡುತ್ತದೆ, ಇದು ಮೂಗಿನ ಮೂಲಕ ನೆತ್ತಿಗೆ ಏರಿತು. ಗುಲಾಮರ ಸಂಕಟ ನನ್ನಷ್ಟು ಚೆನ್ನಾಗಿ ಆ ಮೇಜಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ಸೇಬು, ಅಕ್ರೋಟು, ದಾಲ್ಚಿನ್ನಿಯ ಹರೋಸೆತ್ ಇರುತ್ತದೆ. ಇಟ್ಟಿಗೆ ಕಟ್ಟುವ ಗಾರೆಯ ನೆನಪಿಗಂತೆ. ಗಾರೆ ಇಷ್ಟು ರುಚಿಯಾಗಿದ್ದರೆ ನಾನೂ ಮೇಸ್ತ್ರಿಯಾಗುತ್ತಿದ್ದೆ.”

“ಊಟ ಮುಗಿದರೆ ಹೊರಡಬಹುದೇ?”

“ಇನ್ನೂ ನಾಲ್ಕು ಕ್ರಮಗಳಿವೆ! ಅಡಗಿಸಿಟ್ಟ ಮಾತ್ಸಾ ತುಂಡನ್ನು, ಅದೇ ಅಫಿಕೋಮನ್, ಮಕ್ಕಳು ವಶಪಡಿಸಿಕೊಂಡು ಬಹುಮಾನಕ್ಕೆ ಚೌಕಾಶಿ ಮಾಡುತ್ತಾರೆ. ಅದನ್ನು ತಿನ್ನದೆ ಹಿರಿಯರು ಮುಂದುವರಿಯುವಂತಿಲ್ಲ. ಆಮೇಲೆ ಪ್ರವಾದಿ ಎಲೀಯನಿಗಾಗಿ ಬಾಗಿಲು ತೆರೆಯುತ್ತಾರೆ. ಅವನಿಗೂ ಒಂದು ಲೋಟ ತುಂಬಿಟ್ಟಿರುತ್ತಾರೆ. ಬಾಗಿಲು ತೆರೆಯಿತೆಂದು ನೀವು ಚಪ್ಪಲಿ ಹುಡುಕಬೇಡಿ. ನಾನು ಹುಡುಕಿದ್ದೆ.”

ರಾಯರು ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡರು. “ಫೋಟೋ ತೆಗೆಯಬಹುದೇ?”

“ಕಟ್ಟುನಿಟ್ಟಿನ ಮನೆಯಾದರೆ ಆ ರಾತ್ರಿ ಮೊಬೈಲ್ ಜೇಬಿನಿಂದ ಹೊರಗೆ ಬರಬಾರದು. ಬಾಯಿಪಾಠ ಮಾಡಿಕೊಳ್ಳಿ.”

ರಾಯರು ನಿಟ್ಟುಸಿರಿಟ್ಟು ಡಬ್ಬಿಗೆ ಕೈ ಹಾಕಿದರು. ಕೈಗೆ ಸಿಕ್ಕಿದ್ದು ಬಾಳೆಎಲೆಯ ಚೂರು ಮಾತ್ರ. ಗೌಡರು ಮೇಜಿನ ಮೇಲೆ ಬಿದ್ದಿದ್ದ ಹೂರಣದ ಕೊನೆಯ ಕಣವನ್ನು ಬೆರಳಿಗೆ ಅಂಟಿಸಿಕೊಳ್ಳುತ್ತಾ, “ಮೇಣದಬತ್ತಿ ತಂದು ಹುಡುಕಿದರೂ ಇನ್ನು ಏನೂ ಸಿಗುವುದಿಲ್ಲ” ಎಂದರು.