ಅಮ್ಮನ ರೂಮಿಗೆ ಹಸಿರಾ, ಹಳದಿನಾ? ಅನುಭವ ಇದ್ದೋರು ಹೇಳಿ

ತುಂಗೆದಂಡೆ:
ಅಪ್ಪ ತೀರ್ಕೊಂಡು ಹತ್ತು ತಿಂಗಳು. ಅಮ್ಮನ್ನ (67 ವರ್ಷ) ತೀರ್ಥಹಳ್ಳಿ ಕಡೆ ತೋಟದ ಮನೆಯಿಂದ ಶಿವಮೊಗ್ಗಕ್ಕೆ ಕರ್ಕೊಂಡು ಬಂದಿದೀವಿ. ಅವ್ರ ರೂಮಿನ ಕಿಟಕಿ ತೆಗೆದ್ರೆ ಮೂರಡಿ ಆಚೆ ಪಕ್ಕದ ಮನೆಯ ಗಿಲಾವು ಮಾಡದ ಬ್ಲಾಕ್ ಗೋಡೆ. ಮಳೆ ಹಿಡಿದ್ಮೇಲೆ ಪೂರ್ತಿ ಮಂಕು, ಕರೆದ್ರೆ ಮಾತ್ರ ಎದ್ದು ಬರ್ತಾರೆ. ಡಾಕ್ಟರ್ ಮಾತ್ರೆ ಕೊಟ್ಟಿದಾರೆ, ಅದು ನಡೀತಿದೆ. ಹಸಿರು ಮನಸ್ಸಿಗೆ ತಂಪು ಅಂತಾರಲ್ಲ, ರೂಮಿಗೆ ತಿಳಿ ಹಸಿರು ಹೊಡೆಸ್ಲಾ, ಹಳದಿ ಹೊಡೆಸ್ಲಾ? ಬಜೆಟ್ 25 ಸಾವಿರ.

ಹೊಸನಗರದಸೊಸೆ:
ಹಸಿರು ಮಾತ್ರ ಬೇಡ ರೀ. ನಾನು ದಾವಣಗೆರೆಯವಳು, ಬಿಸಿಲಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೂರನೇ ಮಳೆಗಾಲದಲ್ಲಿ ಕಾರಣ ಇಲ್ದೆ ಅಳು ಬರೋಕೆ ಶುರುವಾಯ್ತು. ಆರಿದ್ರಾ, ಪುನರ್ವಸು ಅಂತ ಇವ್ರೆಲ್ಲ ಮಳೆ ಹೆಸರು ಎಣಿಸ್ತಾ ಖುಷಿಯಾಗಿರ್ತಾರೆ, ನಾನು ಒಣಗದ ಬಟ್ಟೆ ಎಣಿಸ್ತಾ ಕೂತಿರ್ತಿದ್ದೆ. ಎರಚಲಿಗೆ ಅಂತ ಜಗಲಿಗೆ ಸೋಗೆ ತಟ್ಟಿ ಕಟ್ಟಿಬಿಟ್ರೆ ಮನೆಯೊಳಗೆ ಮಧ್ಯಾಹ್ನ ಹನ್ನೆರಡಕ್ಕೂ ಲೈಟು. ಯಜಮಾನ್ರು ಎಲ್ಲೋ ಓದ್ಕೊಂಡು ಬಂದು ರೂಮಿಗೆ ತಿಳಿ ಹಸಿರು ಹೊಡೆಸಿದ್ರು. ಬಣ್ಣ 6,850, ಪುಟ್ಟಿ 1,900, ಕೂಲಿ ನಾಲ್ಕು ದಿನಕ್ಕೆ ಇಬ್ಬರದ್ದು 7,200, ಊಟ ತಿಂಡಿ ನಂದೇ. ಮುಂದಿನ ಮಳೆಗಾಲಕ್ಕೆ ಗೋಡೆ ಹಪ್ಪಳದ ಹಾಗೆ ಉಬ್ಬಿ, ಮಂಚದ ಹಿಂದೆ ಕಪ್ಪು ಬೂಷ್ಟು. ಹೊರಗೂ ಹಸಿರು ಒಳಗೂ ಹಸಿರು, ಕೆರೆ ಒಳಗೆ ಸಂಸಾರ ಮಾಡಿದ ಹಾಗಿತ್ತು. ಕೊನೆಗೆ ಮಾವನವ್ರು, ಹೆಚ್ಚು ಮಾತಾಡದ ಮನುಷ್ಯ, ಮಾಡು ಹತ್ತಿಸಿ ನಾಲ್ಕು ಗಾಜಿನ ಹೆಂಚು ಹಾಕ್ಸಿದ್ರು. ಒಂದಕ್ಕೆ 280. ಬೆಳಿಗ್ಗೆ ಹಾಸಿಗೆ ಮೇಲೆ ನಾಲ್ಕು ಚೌಕ ಬೆಳಕು ಬಿತ್ತು. ಅವತ್ತು ಅತ್ತಿದ್ದು ಬೇರೆ ಕಾರಣಕ್ಕೆ.

ಬಣ್ಣದಂಗಡಿ_ಸಾಗರ:
ಮೇಡಂ, ಬಣ್ಣದ ತಪ್ಪಲ್ಲ ಅದು. 19 ವರ್ಷದಿಂದ ಅಂಗಡಿ ಇಟ್ಟಿದೀನಿ, ಪ್ರತಿ ವರ್ಷ ಇದೇ ಗೋಳು. ಮಣ್ಣಿನ ಗೋಡೆ ತಳದಿಂದ ನೀರು ಎಳೀತಾ ಇರುತ್ತೆ, ಅದ್ರ ಮೇಲೆ ಪ್ಲಾಸ್ಟಿಕ್ ಥರದ ಪೇಂಟ್ ಬಳಿದ್ರೆ ಒಳಗಿನ ತೇವ ಎಲ್ಲಿ ಹೋಗ್ಬೇಕು? ಉಬ್ಬುತ್ತೆ. ಅಂಥ ಗೋಡೆಗೆ ಸುಣ್ಣವೇ ಸರಿ, ಉಸಿರಾಡುತ್ತೆ, ಬೂಷ್ಟೂ ಬೇಗ ಹಿಡಿಯಲ್ಲ, ಬಿಳಿ ಇರೋದ್ರಿಂದ ಇದ್ದ ಚೂರು ಬೆಳಕನ್ನೂ ವಾಪಸ್ ಎಸೆಯುತ್ತೆ. ನಿಮ್ಮ ಯಜಮಾನ್ರು ಯಾವ ತಿಂಗಳಲ್ಲಿ ಹೊಡೆಸಿದ್ರು ಅದನ್ನ ಹೇಳಿ ಮೊದ್ಲು.

ಹೊಸನಗರದಸೊಸೆ:
ಮೇ ಕೊನೇ ವಾರ. ಅಂಗಡಿಯವ್ನೇ ಏನೂ ಆಗಲ್ಲ ಅಂತ ಮಾರಿದ್ದು.

ಗುಡ್ಡೆಮನೆ:
ಬಣ್ಣ, ಪುಟ್ಟಿ, ಹೆಂಚು, ಎಂತದು ಮಾರಾಯ್ರೆ ಇದೆಲ್ಲ! ಆ ತಾಯೀನ ವಾಪಸ್ ತೋಟಕ್ಕೆ ಕರ್ಕೊಂಡು ಹೋಗಿ. ಜಪಾನಿನವ್ರು 1982ರಲ್ಲೇ ಕಾಡಿನ ಸ್ನಾನ ಅಂತ ಹೆಸರಿಟ್ಟು ಸರ್ಕಾರದಿಂದಲೇ ಪ್ರಚಾರ ಮಾಡಿದ್ರು, ಸ್ನಾನ ಅಂದ್ರೆ ನೀರಲ್ಲ, ಮರಗಳ ನಡುವೆ ಸುಮ್ನೆ ಓಡಾಡೋದು. ನಾನು ಬೆಂಗಳೂರಲ್ಲಿ ಹನ್ನೊಂದು ವರ್ಷ ಕೀಬೋರ್ಡ್ ಕುಟ್ಟಿ, ಬಿಪಿ 150/100 ಮಾಡ್ಕೊಂಡು, ಎಲ್ಲ ಬಿಟ್ಟು ಸಾಗರದ ಹತ್ರ ಎರಡೂವರೆ ಎಕರೆ ತಗೊಂಡೆ. ಈಗ ಬಿಪಿ 128/84. ದಿನಾ ಬೆಳಿಗ್ಗೆ ಒಂದು ಗಂಟೆ ಸೊಪ್ಪಿನಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡು, ಸುತ್ತಿ ಬರ್ತೀನಿ, ತಲೇಲಿ ಓಡ್ತಿದ್ದ ಮೆಶೀನು ನಿಂತು ಹೋಗಿದೆ. ಉಂಬಳ (ಜಿಗಣೆ) ಕಚ್ಚುತ್ತೆ, ಹೌದು, ಹೊಗೆಸೊಪ್ಪು ಸುಣ್ಣ ಉಜ್ಜಿಕೊಂಡ್ರೆ ಆಯ್ತು. ಮೊದಲ ವರ್ಷ ಕೊಳೆರೋಗಕ್ಕೆ ಅಡಿಕೆಯ ಅರ್ಧ ಫಸಲು ಹೋಯ್ತು, ಮೈಲುತುತ್ತ ಸುಣ್ಣ ತಂದಿಟ್ಟಿದ್ದೆ, ಔಷಧಿ ಹೊಡೆಯೋಕೆ ಮರ ಹತ್ತೋ ಕೊನೆಗಾರ ಸಿಗ್ಲಿಲ್ಲ, ಸಿಕ್ಕಾಗ ಮಳೆ ಬಿಡ್ಲಿಲ್ಲ, 1.7 ಲಕ್ಷ ಗೋತಾ. ಆದ್ರೂ ಪಶ್ಚಾತ್ತಾಪ ಇಲ್ಲ.

ಬಿಎಚ್‌ರೋಡ್:
ಮನೆಯವ್ರೂ ಜೊತೆಗಿದಾರಾ ಸಾರ್?

ಗುಡ್ಡೆಮನೆ:
ಮಗಳ ಸ್ಕೂಲಿಗೆ ಅಂತ ಬೆಂಗಳೂರಲ್ಲಿದಾರೆ. ಅದು ಇಲ್ಲಿ ವಿಷಯ ಅಲ್ಲ.

ಹೊಸನಗರದಸೊಸೆ:
ಅದೇ ವಿಷಯ ರೀ. ಸೊಪ್ಪಿನಬೆಟ್ಟ ಸುತ್ತಿ ಬಂದ್ಮೇಲೆ ಒದ್ದೆ ಪಂಚೆ ಯಾರು ಒಣಗಿಸ್ತಿದ್ರು?

ಮೇಷ್ಟ್ರು_ನಿವೃತ್ತ:
ಕಿಟಕಿ ಬಗ್ಗೆ ಒಂದು ಮಾತು. ಅಮೆರಿಕದ ರೋಜರ್ ಉಲ್ರಿಚ್ ಅನ್ನೋರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಪಿತ್ತಕೋಶದ ಆಪರೇಷನ್ ಆದ 46 ಜನ, ಅರ್ಧ ಜನಕ್ಕೆ ಕಿಟಕಿಯಾಚೆ ಮರ, ಉಳಿದ ಅರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಾಣ್ತಿದ್ದವ್ರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದ್ರು, ಜೋರಿನ ನೋವಿನ ಔಷಧಿಯೂ ಕಡಿಮೆ ಸಾಕಾಯ್ತು. ನನಗೂ ಅದೇ ಆಪರೇಷನ್ ಆಗಿತ್ತು, ಆಸ್ಪತ್ರೆ ಹೆಸರು ಬೇಡ, ನನ್ನ ಮಂಚದ ಎದುರು ಜನರೇಟರ್ ಶೆಡ್ಡು, ಅದ್ರ ತಗಡಿಗೆ ಕಂದು ತುಕ್ಕು. ಒಂಬತ್ತು ದಿನ ಅದೇ ತುಕ್ಕು ನೋಡಿದೆ. ಬಿಲ್ಲು 1,12,340, ಅದ್ರಲ್ಲಿ ‘ಇತರೆ’ ಅಂತ 8,400, ಏನು ಇತರೆ ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಕಿಟಕಿ ಪಕ್ಕದ ಮಂಚ ಕೇಳಿದ್ದಕ್ಕೆ ದಿನಕ್ಕೆ 900 ಜಾಸ್ತಿ ಅಂದ್ರು. ಬೇಡ ಅಂದೆ. ಈಗನ್ನಿಸುತ್ತೆ, ಕೊಡಬೇಕಿತ್ತು.

ಬಿಎಚ್‌ರೋಡ್:
46 ಜನ ಅಂದ್ರೆ ನಮ್ಮ ಮದುವೆ ಬಸ್ಸಲ್ಲಿ ಬಂದವ್ರಷ್ಟು ಸಾರ್. ಬಣ್ಣದ ಸಂಶೋಧನೆ ನಂಬಿ ನಾನು ಕೆಟ್ಟಿದೀನಿ. ಮಗನ ಸಿಟ್ಟು ತಡೆಯೋಕಾಗ್ತಿರ್ಲಿಲ್ಲ, ವಾಸ್ತು ನೋಡೋರೊಬ್ರು ಗುಲಾಬಿ ಹೊಡೆಸಿ, ಫಾರಿನ್ನಲ್ಲಿ ಜೈಲಿಗೇ ಹೊಡೀತಾರೆ ಅಂದ್ರು. ಅವ್ರಿಗೆ 5,001, ಬಣ್ಣಕ್ಕೆ 11 ಸಾವಿರ. ಆಮೇಲೆ ಹುಡುಕಿದ್ರೆ, 1979ರಲ್ಲಿ ಸಿಯಾಟಲ್‌ನ ನೌಕಾಪಡೆ ಜೈಲಲ್ಲಿ ಹೊಡೆದಿದ್ದು ನಿಜ, ಕೈದಿಗಳು ತಣ್ಣಗಾದ್ರು ಅಂದಿದ್ದೂ ನಿಜ, ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾಗ ಆ ಪರಿಣಾಮ ಸಿಗ್ಲೇ ಇಲ್ಲ. ನನ್ನ ಮಗ ಗುಲಾಬಿ ಗೋಡೆಗೇ ಬ್ಯಾಟಲ್ಲಿ ಹೊಡೆದ. ಇನ್ನೂ ಗುಂಡಿ ಇದೆ.

ಚಿತ್ತಾರದಕ್ಕ:
ಗೋಡೆ ಅಂದ್ರೆ ಬರೀ ಪೇಂಟು ಅಂದ್ಕೊಂಡಿದೀರಲ್ಲ ಎಲ್ರೂ. ನಮ್ಮ ದೀವರ ಮನೇಲಿ ಕೆಮ್ಮಣ್ಣು ಸಾರಿಸಿದ ಗೋಡೆ ಮೇಲೆ ಹಸೆ ಚಿತ್ತಾರ ಬರೀತೀವಿ. ಅಕ್ಕಿ ಅರೆದ ಬಿಳಿ, ಗುರಿಗೆ ಕಾಯಿಯ ಹಳದಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮಗು ಹೋದ ವರ್ಷ ನಾನು ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ. ಅಜ್ಜಿ ಬಟ್ಟಲಲ್ಲಿ ಅಕ್ಕಿಹಿಟ್ಟು ಕಲಸಿ ಮುಂದಿಟ್ಟು, ಈ ಎಳೆ ಮುಗಿಸು ಅಂತ ಅಂದ್ರು, ಅಷ್ಟೇ. ಕೈ ನಡುಗಿದ್ರೆ ಎಳೆ ಸೊಟ್ಟ, ಸೊಟ್ಟಾದ್ರೆ ಒರೆಸಿ ಮತ್ತೆ. ಹನ್ನೆರಡು ದಿನ ಹಿಡೀತು. ಕೆಂಪು ಬಣ್ಣ ಸಿಟ್ಟು ತರಿಸುತ್ತೆ ಅಂತ ಯಾರೋ ಹೇಳ್ತಿದ್ರು, ನನಗೆ ಆ ಕೆಂಪು ನೋಡ್ತಾ ನಿದ್ದೆ ಬಂತು.

ಲಕ್ಸ್_ಲೆಕ್ಕ:
ಅಕ್ಕ, ನಿಮ್ದು ಬೇರೆ ಲೆವೆಲ್ಲು. ನಾನು ಕಂಪ್ಯೂಟರ್ ಮೇಷ್ಟ್ರು, ಅಳತೆ ಮಾಡೇ ನಂಬೋನು. ಆಗುಂಬೆ ಘಾಟಿಯ ಮೇಲಿರೋ ಮನೆ, ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ. ಜುಲೈಲಿ ಫೋನಲ್ಲಿ ಅಳೆದೆ, ನಡುಮನೇಲಿ 35 ಲಕ್ಸು (ಬೆಳಕಿನ ಅಳತೆ), ಜಗಲಿ ತುದೀಲಿ ಅಂಥ ಮೋಡದಲ್ಲೂ 2,600. ಕಣ್ಣಿನೊಳಗೆ ಹಿಂಬದಿಯ ಪೊರೇಲಿ ನೋಡೋಕಲ್ಲದೆ ಹೊತ್ತು ತಿಳಿಯೋಕೆ ಅಂತಲೇ ಕೆಲವು ಕೋಶ ಇದಾವೆ, ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸ್ತಾವೆ, ಬೆಳಿಗ್ಗೆ ಅದಕ್ಕೆ ಬೆಳಕು ಸಾಲದಿದ್ರೆ ಮೈಯ ಗಡಿಯಾರ ಕೆಡುತ್ತೆ. ಉತ್ತರದ ದೇಶಗಳ ಚಳಿಗಾಲದ ಮಂಕಿಗೆ ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸಿನ ದೀಪ ಕೊಡ್ತಾರಲ್ಲ, ಅದನ್ನೇ ತರಿಸ್ದೆ, 9,240 ರೂಪಾಯಿ. ಮೂರನೇ ದಿನ ಮರ ಬಿದ್ದು ಆರು ದಿನ ಕರೆಂಟಿಲ್ಲ. ಇನ್ವರ್ಟರ್‌ಗೆ ಮತ್ತೆ 21,500. ಸೋಲಾರ್ ಕೇಳಿದ್ರೆ ಮಳೇಲಿ ಸರಿಯಾಗಿ ಚಾರ್ಜ್ ಆಗಲ್ಲ ಅಂದ್ರು. ಈಗ ಛತ್ರಿ ಹಿಡ್ಕೊಂಡು ಜಗಲಿ ತುದೀಲಿ ಕಾಫಿ ಕುಡೀತೀನಿ, ದೀಪ ಅಟ್ಟದ ಮೇಲಿದೆ. ಬೇಕಾದವ್ರಿಗೆ 6 ಸಾವಿರಕ್ಕೆ ಕೊಡ್ತೀನಿ. ಆದ್ರೆ ಉನ್ಮಾದ ಖಿನ್ನತೆ ಎರಡೂ ಬರೋರು ಡಾಕ್ಟರ್ ಕೇಳದೆ ಮುಟ್ಬೇಡಿ, ಉನ್ಮಾದ ಏರಿಬಿಡಬಹುದು.

ಗುಡ್ಡೆಮನೆ:
ಅಂದ್ರೆ ಮಲೆನಾಡೇ ಖಾಯಿಲೆ ಅಂತಾನಾ ನಿಮ್ಮ ಮಾತು?

ಹೊಸನಗರದಸೊಸೆ:
ಹುಟ್ಟಿದವ್ರಿಗೆ ಅಲ್ಲ, ಕೊಂಡುಕೊಂಡವ್ರಿಗೆ ಗೊತ್ತಾಗೋಕೆ ಇನ್ನೂ ನಾಲ್ಕು ಮಳೆಗಾಲ ಬೇಕು.

ಬಣ್ಣದಂಗಡಿ_ಸಾಗರ:
ಗಾಜಿನ ಹೆಂಚು 280ಕ್ಕೆ ಯಾವ ಊರಲ್ಲಿ ಮಾರಾಯ್ರೆ? ಮಂಗ ಕುಣಿದು ಒಡೆದ್ರೆ ಆಮೇಲೆ ಹೇಳಿ. ಒಡೆಯದಿದ್ರೂ ಎರಡನೇ ವರ್ಷಕ್ಕೆ ಮೇಲೆ ಪಾಚಿ ಕಟ್ಟಿ ಅದೂ ಹಸಿರೇ.

ಹೊಸನಗರದಸೊಸೆ:
ಉಜ್ಜಿಸ್ತೀವಿ. ನಿಮ್ಮ ಪೇಂಟ್ ಥರ ಉದುರಲ್ಲ.

ತುಂಗೆದಂಡೆ:
ಎಲ್ರಿಗೂ ಥ್ಯಾಂಕ್ಸ್, ಹಸಿರಾ ಹಳದಿನಾ ಅಂತ ಮಾತ್ರ ಯಾರೂ ಹೇಳ್ಲಿಲ್ಲ. ಮೇಷ್ಟ್ರ ಮಾತು ಓದಿ ನಿನ್ನೆ ಮಂಚ ತೆಗೆದು ಹಿಂದಿನ ಸ್ಟೋರ್ ರೂಮಿಗೆ ಹಾಕಿದೆ. ಚಿಕ್ಕದು, ಆದ್ರೆ ಕಿಟಕೀಲಿ ಓನರ್ ಮನೆಯ ಪೇರಲೆ ಮರ ಕಾಣುತ್ತೆ. ಬೆಳಿಗ್ಗೆ ಅಮ್ಮ ತಾವಾಗೇ ಕರೆದು, ಆ ಮರದ ಬುಡಕ್ಕೆ ಯಾರೂ ಗೊಬ್ಬರ ಹಾಕಿಲ್ಲ, ಕಸ ಸುರಿದಿದಾರೆ, ಹೋಗಿ ಹೇಳು ಅಂತ ಬೈದ್ರು. ಓನರ್‌ಗೆ ಹೇಗೆ ಹೇಳೋದು ಅಂತ ಯೋಚಿಸ್ತಿದೀನಿ.

ಬಣ್ಣದಂಗಡಿ_ಸಾಗರ:
ಸ್ಟೋರ್ ರೂಮಿನ ಗೋಡೆ ತೇವ ಇದ್ಯಾ ನೋಡಿ. ಇದ್ರೆ ಸುಣ್ಣ. ಆದ್ರೆ ಈಗ್ಲೇ ಬೇಡ, ದೀಪಾವಳಿ ಕಳೀಲಿ.