ದಸರಾಕ್ಕೆ ಊರಿಗೆ ಹೋಗ್ತಿದ್ದೇವೆ, ಮನೆ ಪೂರ್ತಿ ಖಾಲಿ. ಏನೇನು ಮಾಡಬೇಕು?

ಶಿರಸಿ_ಮಾಣಿ:
ನಾವಿರುವುದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ನೆಲಮಹಡಿ ಮನೆ. ಮೇಲಿನ ಬಾಡಿಗೆಯವರೂ ಈ ಸಲ ರಜೆಗೆ ಹೊರಟಿದ್ದಾರೆ. ಅಂದರೆ ಕಟ್ಟಡದಲ್ಲಿ ಯಾರೂ ಇರಲ್ಲ. ಗೇಟಿನ ಕಡೆಗೆ ಒಂದು ವೈಫೈ ಕ್ಯಾಮೆರಾ ಇದೆ, ಅಷ್ಟು ಸಾಕಾ? ಪೊಲೀಸರಿಗೆ ಹೇಳಿ ಹೋಗಬೇಕು ಅಂತಾರೆ, ಅದರಿಂದ ಉಪಯೋಗ ಇದೆಯಾ? ಹೆಂಡತಿಯ ಒಡವೆ ಮನೆಯಲ್ಲೇ ಇದೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಹೋಗಿ ಅನ್ನೋದು ಅತ್ತೆಯವರ ಸಲಹೆ.

ಹೊಸ್ತಿಲು:
ಕ್ಯಾಮೆರಾ ವಿಷಯ ಆಮೇಲೆ. ಮೊದಲು ನಿಮ್ಮ ಮನೆ ಮುಂದೆ ಬೆಳಿಗ್ಗೆ ಏಳು ಗಂಟೆಗೆ ನಿಂತು ನೋಡಿ. ಯಾರ ಮನೆಯಲ್ಲಿ ಜನ ಇದ್ದಾರೆ, ಯಾರ ಮನೆಯಲ್ಲಿ ಇಲ್ಲ ಅಂತ ಬಾಗಿಲೇ ಹೇಳಿಬಿಡುತ್ತದೆ. ಅದರಲ್ಲೂ ಹಬ್ಬದ ದಿನ, ಬೀದಿಯವರೆಲ್ಲ ನೀರು ಹಾಕಿ ರಂಗೋಲಿ ಬಿಟ್ಟು ಮಾವಿನೆಲೆ ಕಟ್ಟಿರುವಾಗ ನಿಮ್ಮ ಮನೆ ಮುಂದೆ ಮಾತ್ರ ವಾರದ ಹಳೇ ರಂಗೋಲಿ ಅರ್ಧ ಅಳಿಸಿ, ಅದರ ಮೇಲೆ ಒಣಗಿದ ಎಲೆ ಬಿದ್ದಿದ್ದರೆ ಕಳ್ಳನಿಗೆ ಬೇರೆ ಸುಳಿವು ಬೇಕಾ? ಕೆಲಸದವರಿಗೆ ಪೂರ್ತಿ ಸಂಬಳ ಕೊಟ್ಟು, ದಿನಾ ಬಂದು ಗುಡಿಸಿ ರಂಗೋಲಿ ಹಾಕಿ ಹೋಗಿ ಅನ್ನಿ. ಮನೆ ಕೀ ಬೇಡ, ಗೇಟಿನ ಕೀ ಸಾಕು.

ಹಾಲು, ಪೇಪರ್ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಆದರೆ ಸೈಟು, ಟ್ಯೂಷನ್, ಜಿಮ್ ಅಂತ ಗೇಟಿಗೆ ಸಿಕ್ಕಿಸಿ ಹೋಗುವ ಪಾಂಪ್ಲೆಟ್ ನಿಲ್ಲಿಸೋಕೆ ಆಗಲ್ಲ ಅಲ್ವಾ? ಅವನ್ನು ತೆಗೆಯೋಕೆ ಎದುರು ಮನೆಯವರಿಗೆ ಹೇಳಿ. ಪೋರ್ಟಿಕೋ ಲೈಟನ್ನು ಹಗಲೂ ರಾತ್ರಿ ಉರಿಯೋಕೆ ಬಿಡಬೇಡಿ, ಮಧ್ಯಾಹ್ನ ಉರಿಯುವ ಬಲ್ಬು ಬೀಗಕ್ಕಿಂತ ಜೋರಾಗಿ ಸಾರಿ ಹೇಳುತ್ತೆ. ಕತ್ತಲಾದ ಮೇಲೆ ತಾನೇ ಹತ್ತುವ ಸೆನ್ಸರ್ ಬಲ್ಬು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಾಕಿ. ಇನ್ನೊಂದು, ಗ್ರಿಲ್ ಗೇಟಿಗೆ ಹೊರಗಡೆ ದಪ್ಪ ಬೀಗ ನೇತಾಡಬಾರದು. ಒಳಗಿನಿಂದ ಹಾಕಿ, ಸಾಧ್ಯವಿದ್ದರೆ ಹಿಂಬಾಗಿಲಿಂದ ಹೊರಗೆ ಬನ್ನಿ.

ಎಂಸಿಬಿ_ಬಿತ್ತು:
ಕ್ಯಾಮೆರಾ ಬಗ್ಗೆ ನಾನು ಹೇಳ್ತೀನಿ ಸಾರ್. ತುಂಬಾ ಜನ ಊರಿಗೆ ಹೊರಡುವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತಾರೆ. ಆಗ ಫ್ರಿಜ್ ಜೊತೆಗೆ ಕ್ಯಾಮೆರಾನೂ ಸತ್ತಿತು. ಗೀಸರ್, ಮೋಟರ್, ಟಿವಿ ಲೈನ್ ಮಾತ್ರ ಬೇರೆ ಬೇರೆಯಾಗಿ ಇಳಿಸಿ. ರೌಟರ್ ಮತ್ತು ಕ್ಯಾಮೆರಾ ಎರಡೂ ಯುಪಿಎಸ್ ಮೇಲೆ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನಿಮ್ಮ ಮೊಬೈಲಲ್ಲಿ ಏನೂ ಕಾಣಲ್ಲ. ಡಿವಿಆರ್, ಅಂದರೆ ಕ್ಯಾಮೆರಾ ದೃಶ್ಯ ರೆಕಾರ್ಡ್ ಆಗುವ ಪೆಟ್ಟಿಗೆ ಇರುವವರು ಅದನ್ನು ಟಿವಿ ಕೆಳಗೆ ಇಡಬೇಡಿ. ಕಳ್ಳ ಟಿವಿ ಬಿಟ್ಟರೂ ಅದನ್ನು ಬಿಡಲ್ಲ.

ನಿಮ್ಮದು ಗೇಟಿಗೆ ಮಾತ್ರ ಅಂದಿರಿ. ಅಡುಗೆಮನೆ ಹಿಂದಿನ ಯುಟಿಲಿಟಿ ಬಾಗಿಲು ನೋಡಿದ್ದೀರಾ? ಮುಂದೆ ತೇಗದ ಬಾಗಿಲು, ನವತಾಲ್ ಬೀಗ, ಹಿಂದೆ ಮಳೆಗೆ ನೆಂದು ಉಬ್ಬಿದ ಫ್ಲಶ್ ಡೋರು, ಅದಕ್ಕೊಂದು ಬೆರಳು ಗಾತ್ರದ ಚಿಲಕ. ಎಷ್ಟೋ ಮನೆಗಳ ಕಥೆ ಇದೇ.

ಮತ್ತೆ ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂತು ಅಂದುಕೊಳ್ಳಿ, ನೀವು ಶಿರಸಿಯಲ್ಲಿ. ಯಾರಿಗೆ ಫೋನ್ ಮಾಡ್ತೀರಿ? ಎದುರು ಮನೆಯವರದು, ಠಾಣೆಯದು ಎರಡೂ ನಂಬರ್ ಸೇವ್ ಮಾಡಿಕೊಳ್ಳಿ. 112ಕ್ಕೆ ಮಾಡಿದರೆ ಮೊದಲೇ ಬೆಂಗಳೂರಿನ ವಿಳಾಸ ಹೇಳಿ, ನೀವು ಬೇರೆ ಜಿಲ್ಲೆಯಲ್ಲಿ ಇದ್ದೀರಿ ಅನ್ನೋದು ಸ್ಪಷ್ಟವಾಗಲಿ.

ಪಾಸ್‌ಬುಕ್:
ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ, ಅಕ್ಕಿ ಡಬ್ಬ ಕಳ್ಳರಿಗೂ ಗೊತ್ತಿರುವ ಜಾಗ. ದೇವರ ಕೋಣೆ, ಹಾಸಿಗೆ ಕೆಳಗೆ, ಬೀರು ಎಲ್ಲಾ ಅಷ್ಟೇ. ಬೀರುವಿಗೆ ಬೀಗ ಹಾಕಿ ಕೀಯನ್ನು ಅದರ ತಲೆ ಮೇಲೇ ಇಡುವವರ ಬಗ್ಗೆ ನಾನು ಮಾತಾಡಲ್ಲ.

ಬ್ಯಾಂಕ್ ಲಾಕರ್ ವಾಸಿ, ಆದರೆ ಅದನ್ನೂ ತಿಳಿದುಕೊಂಡು ಇಡಿ. 2022ರ ಜನವರಿ 1ರಿಂದ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಆದರೆ 2 ಲಕ್ಷ. ಒಳಗೆ ಹತ್ತು ಲಕ್ಷದ ಒಡವೆ ಇದ್ದರೂ ಅಷ್ಟೇ. ಭಾರತ್ ಗೃಹ ರಕ್ಷಾ ಅನ್ನೋ ಮನೆ ವಿಮೆ ಪಾಲಿಸಿ ಮಾಡಿಸಿದ್ದೇನೆ ಅಂತ ನಿಶ್ಚಿಂತೆಯಾಗಿ ಇರುವವರೂ ಇದ್ದಾರೆ. ಅದು ಮುಖ್ಯವಾಗಿ ಬೆಂಕಿ, ಪ್ರವಾಹ, ಭೂಕಂಪದಂಥ ಅನಾಹುತಕ್ಕೆ. ಬೀಗ ಒಡೆದು ಕದ್ದರೆ ಅನ್ನೋದಕ್ಕೆ ಬೇರೆ ಬರ್ಗ್ಲರಿ ಪಾಲಿಸಿನೇ ಬೇಕು.

ಪೊಲೀಸರಿಗೆ ಖಂಡಿತ ಹೇಳಿ ಹೋಗಿ. ವಿಳಾಸ, ಹೋಗುವ ಬರುವ ತಾರೀಕು, ಫೋನ್ ನಂಬರ್ ಬರೆದು ಠಾಣೆಗೆ ಕೊಟ್ಟರೆ ಗಸ್ತು ತಿರುಗುವ ಬೀಟ್‌ನವರಿಗೆ ಒಂದು ಕಣ್ಣಿಡೋಕೆ ಅನುಕೂಲ. ಗುಟ್ಟು ಬಯಲಾಗೋದು ಅಲ್ಲಿಂದಲ್ಲ, ನಮ್ಮ ವಾಟ್ಸಾಪ್ ಸ್ಟೇಟಸ್ಸಿನಿಂದ. ಯಾಣದ ಬಂಡೆ ಮುಂದೆ ನಿಂತ ಫೋಟೋನ ವಾಪಸ್ ಬಂದ ಮೇಲೆ ಹಾಕಿದರೆ ಬಂಡೆ ಏನೂ ಬೇಜಾರು ಮಾಡಿಕೊಳ್ಳಲ್ಲ.

ಕಟ್ಟೆ_ಪುರಾಣ:
ಇಷ್ಟೆಲ್ಲಾ ಯಾಕೆ? ಪಿಜಿಯಲ್ಲಿ ಇರುವ ಹುಡುಗ ಯಾರಾದರೂ ನೆಂಟರಲ್ಲಿ ಇಲ್ವಾ? ಮನೆಯಲ್ಲಿ ಮಲಗು, ವೈಫೈ ಫ್ರೀ, ಫ್ರಿಜ್ ತುಂಬಿಸಿ ಇಟ್ಟಿರ್ತೀವಿ ಅನ್ನಿ. ಓಡಿ ಬರ್ತಾನೆ. ಯಾವ ಕ್ಯಾಮೆರಾನೂ ಅದಕ್ಕೆ ಸಮ ಅಲ್ಲ.

ಶಿರಸಿ_ಮಾಣಿ:
ಎಲ್ಲರಿಗೂ ಥ್ಯಾಂಕ್ಸ್. ಅಣ್ಣನ ಮಗ ಕೆಂಗೇರಿಯಲ್ಲಿ ಓದ್ತಿದ್ದಾನೆ, ಕೇಳಿದ ತಕ್ಷಣ ಒಪ್ಪಿದ. ಆದರೆ ಅವನ ಪರೀಕ್ಷೆ ಮುಗಿಯೋವರೆಗೆ ಎದುರು ಮನೆ ಆಂಟಿಯೇ ಗತಿ, ಗೇಟಿನ ಕೀ ಅವರಿಗೆ. ಒಡವೆ ಸೋಮವಾರ ಲಾಕರಿಗೆ. ಯುಟಿಲಿಟಿ ಬಾಗಿಲು ನೋಡಿದೆ, ಎಂಸಿಬಿಯವರು ಹೇಳಿದ ಹಾಗೇ ಇದೆ. ನಾಳೆ ಬಡಗಿ ಬರ್ತಾನೆ, ಏನು ಹಾಕಿಸಲಿ?

ಎಂಸಿಬಿ_ಬಿತ್ತು:
ಒಳಗಡೆ ಮೇಲೊಂದು ಕೆಳಗೊಂದು ದಪ್ಪ ಚಿಲಕ, ಉದ್ದ ಸ್ಕ್ರೂ. ಚೌಕಟ್ಟಿನ ಮರ ಗಟ್ಟಿ ಇದೆಯಾ ಅಂತ ಮೊದಲು ಬಡಿದು ನೋಡೋಕೆ ಹೇಳಿ, ಗೆದ್ದಲು ಹಿಡಿದಿದ್ದರೆ ಚಿಲಕ ಹಾಕಿಯೂ ದಂಡ. ಮತ್ತೆ ಆ ಹುಡುಗನಿಗೆ ಮಲಗೋ ಮುಂಚೆ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡೋಕೆ ಹೇಳಿ, ಮಧ್ಯರಾತ್ರಿ ಮ್ಯಾಗಿ ಮಾಡೇ ಮಾಡ್ತಾನೆ.